ಕೂದಲು ಕೊಂಕದ ಹಾಗೆ

ಕೂತುಕೊಳ್ಳಿ, ದೋನಾ ಜುಲ್ಮೀರಾ. ಆ ಕುರ್ಚಿ ಬೇಡ, ಇದರಲ್ಲಿ.
ಅದರ ಕಾಲು ಈಸ್ಟರಿನಿಂದ ಅಲ್ಲಾಡುತ್ತಿದೆ.
ಹೂಂ, ಗೊತ್ತು. ಶನಿವಾರ ಮೊಮ್ಮಗಳ ಮದುವೆ,
ಪಡಿಯಚ್ಚಿನ ಹಾಗೆ ನೆಟ್ಟಗಾಗಬೇಕು ಕೂದಲು.
ಇಪ್ಪತ್ತೆರಡು ವರ್ಷ ನೆಟ್ಟಗೆ ಮಾಡಿದ್ದೇನೆ
ಈ ಕಶುವೇರದ ಅರ್ಧ ತಲೆಗಳನ್ನು.

ಇನ್ನು ಮಾಡುವುದಿಲ್ಲ.

ಏಳಬೇಡಿ, ತಲೆ ಒದ್ದೆಯಿದೆ, ಹೊರಗೆ ಹೊಳೆಯ ಗಾಳಿ.
ಬಾಚುವಷ್ಟು ಹೊತ್ತು ಕೇಳಿ. ಆಮೇಲೆ ಬೇಕಾದರೆ
ಸೇತುವೆ ದಾಟಿ ಐವನೇಚಿಯ ಅಂಗಡಿಗೆ ಹೋಗಿ.
ಅವಳು ಇನ್ನೂ ಮಾಡುತ್ತಾಳೆ. ನನಗೆ ಸಿಟ್ಟಿಲ್ಲ.

ನೆನಪಿದೆಯಾ, ಫ್ಯಾನನ್ನು ಬಾಗಿಲ ಕಡೆ ತಿರುಗಿಸಿ
ಎಲ್ಲರ ಕೈಗೂ ಒದ್ದೆ ಟವೆಲ್ಲು ಕೊಡುತ್ತಿದ್ದೆ, ಮೂಗಿಗೆ?
ಸಾಲಾಗಿ ಕೂತು ಕಣ್ಣೀರಿಡುತ್ತಿದ್ದಿರಿ ನೀವೆಲ್ಲ,
ಸತ್ತವರೇ ಇಲ್ಲದ ಸಾವಿನ ಮನೆಯಲ್ಲಿ ಕೂತ ಹಾಗೆ.
ಅಳುತ್ತಲೇ ನಗುತ್ತಿದ್ದಿರಿ.
ಚೆಂದವೆಂದರೆ ಸ್ವಲ್ಪ ಉರಿಯಬೇಕು ಅಂತ
ನಾನೇ ತಾನೆ ಹೇಳಿಕೊಟ್ಟದ್ದು.

ಬಾಟಲಿಯ ಮೇಲೆ ಬಾದಾಮಿಯ ಚಿತ್ರ.
ಒಳಗೆ ನಾನು ಬೆರೆಸುತ್ತಿದ್ದದ್ದಕ್ಕೆ ಚಿತ್ರವಿಲ್ಲ, ಚೀಟಿಯಿಲ್ಲ.
ಬೈಕಿನ ಹಿಂದೆ ಕಟ್ಟಿ ತರುತ್ತಿದ್ದ ವಾಲ್ಡೆನಿರ್.
ಒಂದು ಮಧ್ಯಾಹ್ನ ಅವನಿಗೆ ಅವಸರ:
“ಇನ್ನೆರಡು ಕ್ಯಾನು ಹೆಣ ಕಾಪಿಡುವವರಿಗೆ,
ಸಂಜೆಯೊಳಗೆ ಮುಟ್ಟಿಸಬೇಕು.”
ಅದೇ ಕ್ಯಾನು, ಅದೇ ನೀಲಿ ಮುಚ್ಚಳ.
ನಾನು ದುಡ್ಡು ಎಣಿಸಿ ಕೊಟ್ಟೆ.
ಹೌದು, ಆ ದಿನವೂ ಬೆರೆಸಿದೆ. ಮರುದಿನವೂ.
ಸುಳ್ಳು ಯಾಕೆ, ಬಾಡಿಗೆ ಕಟ್ಟಬೇಕಿತ್ತು.

ನಿಲ್ಲಿಸಿದ್ದು ಹಲಸಿನ ಹಣ್ಣಿನಿಂದ.
ತಂಗಿ ಕೊಯ್ದು ಮೇಜಿನ ಮೇಲೆ ಇಟ್ಟಿದ್ದಳು.
ಮೂರನೇ ಬೀದಿಯ ನಾಯಿಗೂ ಗೊತ್ತಾಗುವ ಘಮ.
ಬೆನ್ನು ಹಾಕಿ ಕೂತಿದ್ದ ನಾನು ಕೇಳಿದೆ,
“ಏನಾದರೂ ಇದೆಯೇನೇ ತಿನ್ನಲಿಕ್ಕೆ?”
ಅವಳು ತಮಾಷೆ ಅಂದುಕೊಂಡಳು.

ಈಗ? ಈಗ ಅಗಸೆ ಬೀಜ ಕುದಿಸಿ ಲೋಳೆ ತೆಗೆಯುತ್ತೇನೆ,
ಫ್ರಿಜ್ಜಿನಲ್ಲಿ ಮೀನಿನ ಪಕ್ಕ ಅದರ ಜಾಗ.
ಒಂದೇ ವಾರ ಬಾಳುತ್ತದೆ. ಹೋದ ಸಲದ್ದು ಹುಳಿ ಹಿಡಿದಿತ್ತಂತೆ,
ನನ್ನ ಮೂಗಿಗೆ ತಿಳಿಯಲಿಲ್ಲ. ಹುಡುಗಿ ತಾಯ್ನಾ ಚೆಲ್ಲಿದಳು.
ಅಂಗಡಿಯ ಸಾಮಾನು ಕೊಂಡರೆ
ಅವಳೇ ಓದುತ್ತಾಳೆ, ಬೂದುಗಾಜು ಹಿಡಿದು,
ಇರುವೆಯ ಸಾಲಿನಂಥ ಅಕ್ಷರ.
‘ಇಲ್ಲ’ ಅಂತ ಮುಂದೆ ದೊಡ್ಡದಾಗಿ ಬರೆದಿರುತ್ತಾರೆ,
ಬಿಸಿ ಕಬ್ಬಿಣ ತಾಗಿಸಿದ ಕೂಡಲೇ ಕೆಲವು ‘ಇದ್ದೇನೆ’ ಅನ್ನುತ್ತವೆ.
ಎಲೆಯ ಚಿತ್ರವಿದ್ದ ಮಾತ್ರಕ್ಕೆ ನಂಬುವ ಕಾಲ ಹೋಯಿತು.
ಗಿರಾಕಿಗಳೂ ಹೋದರು. ಹತ್ತರಲ್ಲಿ ಆರು.

ಇಲ್ಲಿ, ಕಿವಿಯ ಹಿಂದೆ, ಈ ನುಣ್ಣನೆ ಕಲೆ ನನ್ನದು.
ಕಾರ್ನಿವಲ್ಲಿನ ವಾರ, ಗಡಿಬಿಡಿ.
ಮೊದಲ ಸಲ ಬಂದಾಗ ಹೆದರಿದ್ದಿರಿ ನೀವು,
ಕೂದಲು ಕೊಂಕದ ಹಾಗೆ ನೋಡಿಕೊಳ್ಳುತ್ತೇನೆ ಅಂದಿದ್ದೆ.
ಮಾತು ಉಳಿಸಿಕೊಂಡೆ, ದೋನಾ ಜುಲ್ಮೀರಾ.
ಕೂದಲೊಂದೂ ಕೊಂಕಲಿಲ್ಲ.

ಬುಡದಲ್ಲಿ ಎರಡು ಬೆರಳು ಬೆಳೆದಿದೆ, ಮುಟ್ಟಿ ನೋಡಿ.
ಇಷ್ಟು ವರ್ಷ ಕಬ್ಬಿಣ ಎಳೆದರೂ
ಅದಕ್ಕೆ ಸುತ್ತಿಕೊಳ್ಳುವುದು ಮರೆತಿಲ್ಲ,
ಬೆಳ್ಳಗೆ, ಗುಂಗುರಾಗಿ, ಕೊಂಕಿಕೊಂಡು,
ನೀವು ಫೋಟೋದಲ್ಲಿ ತೋರಿಸಿದ್ದಿರಲ್ಲ,
ಹೊಗೆಸೊಪ್ಪು ಸುತ್ತುತ್ತ ಕೂತ ನಿಮ್ಮ ಅಜ್ಜಿ, ಅವರದ್ದೇ.
ಇಲ್ಲಿಗೆ ಒಂದು ಬಿಳಿ ಹೂವು ಸಾಕು.
ಅಥವಾ ಬೇಡ. ಮದುವೆ ನಿಮ್ಮ ಮನೆಯದು.

ಏಳುತ್ತೀರೋ, ಕೂರುತ್ತೀರೋ?
ಕತ್ತಿನ ಹಿಂದೆ ನೀರು ಇಳಿಯುತ್ತಿದೆ,
ಟವೆಲ್ಲು ಹಿಡಿಯಿರಿ.
ಏನು, ಕಾಫಿ ಉಕ್ಕಿ ಸೀದಿದೆಯಾ?
ತಾಯ್ನಾ, ನೋಡೇ. ನನಗೆ ಗೊತ್ತಾಗುವುದಿಲ್ಲ.