ಬಾಗಿಲ ಕೆಳಗಿನ ತೂತು

ಅಕ್ಟೋಬರಿನ ಒಣ ಶನಿವಾರ. ಇನ್ನೇನು
ಸಾರೆಮಾ ದ್ವೀಪದ ರಸ್ತೆಗೆ ಉಪ್ಪಿನ ಲಾರಿ ಇಳಿಯುತ್ತದೆ.
ಐಮೆ ತನ್ನ ಹಳದಿ ಮಾಸ್ಕ್ವಿಚ್ ಕಾರಿನಡಿಗೆ
ರಟ್ಟು ಹಾಸಿ, ಬೆನ್ನ ಮೇಲೆ ಜಾರಿಕೊಂಡಳು.

ಹೆಲ್ದುರ್ ಟಾರ್ಚು ಹಿಡಿದ. ಹಿಡಿದ ಎಂದರೆ
ಹೆಚ್ಚಾಗಿ ತನ್ನದೇ ಬೂಟಿಗೆ ಬೆಳಕು ಬಿಟ್ಟ.
'ಹತ್ತೊಂಬತ್ತು ವರ್ಷ ಟಾರು ಬಳಿದಿದ್ದೀನಿ,
ಬೆರಳು ದಪ್ಪ. ಒಂದು ಚುಕ್ಕೆ ತುಕ್ಕು ತೋರಿಸು.'

ಅವಳು ಮಾತಾಡಲಿಲ್ಲ.
ಸ್ಕ್ರೂಡ್ರೈವರಿನ ಹಿಡಿಯಿಂದ ಟಕ್, ಟಕ್, ಟಕ್,
ಆಮೇಲೆ ಒಂದು ಕಡೆ ದಪ್,
ಕೊಳೆತ ಕುಂಬಳಕಾಯಿ ತಟ್ಟಿದ ಹಾಗೆ.

ಟಾರು ಚರ್ಮದಂತೆ ಸುಲಿದು ಬಂತು.
ಅದರ ಬೆನ್ನಿಗೇ ಕಬ್ಬಿಣ, ಹಪ್ಪಳ ಹಪ್ಪಳವಾಗಿ,
ಚಹಾಪುಡಿಯಾಗಿ, ಅವಳ ಕಾಲರಿನೊಳಗೆ.

ಹೊರಗಿನ ನೀರು ಒಳಗೆ ಬರಬಾರದೆಂದು ಬಳಿದದ್ದು
ಒಳಗಿನ ನೀರನ್ನು ಹೊರಗೆ ಬಿಟ್ಟಿರಲಿಲ್ಲ.

ಉಪ್ಪು ತಿಂದದ್ದು ನೀರು ಕುಡಿಯಲೇಬೇಕು, ಸರಿ.
ಕುಡಿದದ್ದು ಹೋಗುವುದಕ್ಕೆ ದಾರಿ ಬೇಡವೆ?

ತಲೆಗೂದಲಿಂದ ಪಿನ್ನು ಕಿತ್ತು
ಬಾಗಿಲ ಕೆಳಗಿನ ಅಂಚು ಸವರಿ ಸವರಿ
ಟಾರು ಮೆತ್ತಿ ಮುಚ್ಚಿಹೋದ, ಕಡಲೆಗಾತ್ರದ
ತೂತು ಹುಡುಕಿ ಚುಚ್ಚಿದಳು.
ಕಂದು ನೀರು, ಎರಡು ಚಮಚ,
ಜೊತೆಗೊಂದು ಪೈನ್ ಸೂಜಿಯೆಲೆ,
ಕಳೆದ ಬೇಸಿಗೆಯದೋ, ಅದರ ಹಿಂದಿನದೋ.

ಹೆಲ್ದುರ್ ಕುಕ್ಕರುಗಾಲಲ್ಲಿ ಕೂತ.
ಬೆಳಕು ಈಗ ಬೀಳಬೇಕಾದಲ್ಲಿ ಬಿತ್ತು.
'ಇಂಥವು ಇನ್ನೆಷ್ಟಿವೆ?'
'ಬಾಗಿಲಿಗೆ ಮೂರು.'

ಹಿತ್ತಲ ಒಲೆಯಲ್ಲಿ ಕುರಿಯುಣ್ಣೆಯ ಜಿಡ್ಡು ಕರಗುತ್ತಿತ್ತು;
ಗಾಳಿಗೆಲ್ಲ ಒದ್ದೆ ಕುರಿಯ ವಾಸನೆ.
ಅವನು ಬ್ರಶ್ಶಿಗೆ ಕೈ ಚಾಚಿದ.

'ಮೊದಲು ಒಣಗಲಿ' ಎಂದಳು,
ಪಿನ್ನನ್ನು ಅವನ ಕೈಗಿಟ್ಟು.