ಎಣಿಕೆ

ಡಿಸೆಂಬರಿನ ಬೆಳಗು. ಓಣಿ ತುಂಬ ಅವರೆಕಾಯಿಯ ಸೊಗಡು.
ಮೂಡಲಪಾಳ್ಯದ ಮೂರನೆ ಮಹಡಿಯಲ್ಲಿ
ವಾಷಿಂಗ್ ಮೆಷಿನ್ನಿನ ಪಕ್ಕ, ಪಂಜರದ ತಳದಲ್ಲಿ
ಜೀಬ್ರಾ ಹೆಣ್ಣು ಪುಕ್ಕ ಉಬ್ಬಿಸಿ ಕೂತಿತ್ತು
ಉಣ್ಣೆಯುಂಡೆಯ ಹಾಗೆ.
ಆರನೆಯ ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು.
ಬಿಸಿನೀರಿನ ಹಬೆಗೆ ಹಿಡಿದೆ, ಹರಳೆಣ್ಣೆ ಸವರಿದೆ.
ಎಂಟೂವರೆಯ ಬಸ್ಸು ಹೋಗುವ ಹೊತ್ತಿಗೆ
ಅಂಗೈಯಲ್ಲಿ ಅದರ ತೂಕ
ಇದ್ದೂ ಇಲ್ಲದ ಹಾಗಾಯಿತು.

ಉಳಿದವು ಐದು, ಗಡಿಗೆಯ ಕತ್ತಲಲ್ಲಿ,
ಈಗಷ್ಟೆ ಹಿದುಕಿದ ಅವರೆಬೇಳೆಯಂಥವು,
ಬಣ್ಣ ಮಾತ್ರ ಇನ್ನೊಂದಿಷ್ಟು ಬಿಳಿ.
ಗಂಡು ಒಮ್ಮೆ ಇಣುಕಿತು. ಇನ್ನೊಮ್ಮೆ ಇಣುಕಿತು.
ಆಮೇಲೆ ಹೋಗಿ ನವಣೆ ಸುಲಿಯುತ್ತ ಕೂತಿತು.

ರಸೆಲ್ ಮಾರ್ಕೆಟ್ಟಿನ ನೂರುಲ್ಲಾ ಫೋನಿನಲ್ಲಿ ಹೇಳಿದ:
"ಬೆಂಗಾಲೀಸ್ ಜೋಡಿ ಇದೆಯಲ್ಲ ಸಾರ್, ಅದರಡಿ ಇಟ್ಟುಬಿಡಿ.
ಆ ಹಕ್ಕಿಗೆ ಲೆಕ್ಕ ಬರಲ್ಲ.
ಎಷ್ಟಿಟ್ಟರೂ ತನ್ನವೇ ಅಂದ್ಕೊಳ್ಳತ್ತೆ."

ಚಿಕ್ಕಪೇಟೆಯಲ್ಲಿ ಕನ್ನಡಕದ ಗಾಜು ಉಜ್ಜುವವನು ನಾನು,
ಮೂವತ್ತು ವರ್ಷದಲ್ಲಿ ಒಂದೂ ಬೀಳಿಸಿದವನಲ್ಲ.
ಆ ಐದನ್ನು ಟೀ ಚಮಚದಲ್ಲಿ ಸಾಗಿಸುವಾಗ
ನನ್ನ ಉಸಿರೇ ತಾಗೀತೆಂದು ಬಾಯಿ ಬಿಗಿಹಿಡಿದಿದ್ದೆ.

ಕಂದು ಬಿಳಿ ಮಚ್ಚೆಯ ಬೆಂಗಾಲೀಸ್:
ಬೆಲೆಯಿಲ್ಲ, ಬೆಡಗಿಲ್ಲ, ಯಾರೂ ತಿರುಗಿ ನೋಡುವ ಹಕ್ಕಿಯಲ್ಲ.
ಗಂಡು ಯಾವುದು ಹೆಣ್ಣು ಯಾವುದು, ಅದು ಹಾಡಿದರಷ್ಟೇ ಗೊತ್ತು.
ಮೂರು ಜೊಳ್ಳು ಮೊಟ್ಟೆಗೆ ಕಾವು ಕೊಡುತ್ತ ಕೂತಿದ್ದವು.
ಜೊಳ್ಳು ತೆಗೆದು ಇವನ್ನಿಟ್ಟೆ.
ಕೊಕ್ಕಿನಿಂದ ಒಂದನ್ನು ಹೊರಳಿಸಿತು. ಕೂತಿತು.
ಅಷ್ಟೇ.

ಆರನೆಯ ರಾತ್ರಿ ಮೊಬೈಲಿನ ಟಾರ್ಚ್ ಹಿಡಿದರೆ
ಎರಡು ಖಾಲಿ, ಬರೀ ಹಳದಿ ಬೆಳಕು.
ಮೂರರೊಳಗೆ ಕೆಂಪು ನೂಲು, ನೂಲಿಗೊಂದು ಗಂಟು,
ಗಂಟು ಮಿಡಿಯುತ್ತಿತ್ತು.

ಬಂದವು. ಕಣ್ಣಿಲ್ಲ, ಪುಕ್ಕವಿಲ್ಲ, ಮೈಯೆಲ್ಲ ಬಾಯಿ.
ಕತ್ತಿನ ಚೀಲದಲ್ಲಿ ನುಂಗಿದ ಕಾಳನ್ನು
ಚರ್ಮದಾಚೆಯಿಂದಲೇ ಎಣಿಸಬಹುದಿತ್ತು.
ಬೇಯಿಸಿದ ಮೊಟ್ಟೆ ಓಡಿನ ಸಮೇತ ಜಜ್ಜಿದೆ,
ಗ್ರಂದಿಗೆ ಅಂಗಡಿಯ ಕಡಲನೊರೆ ಕಂಬಿಗೆ ಸಿಕ್ಕಿಸಿದೆ,
ನವಣೆ ನೆನೆಸಿ ಮೊಳಕೆ ಕಟ್ಟಿದೆ.
"ನಮ್ಮ ಹುಡುಗಿಗೂ ಇಷ್ಟು ಮಾಡಿರಲಿಲ್ಲ ನೀವು" ಅಂದಳು ವನಜಾಕ್ಷಿ.
ನಿಜ. ಮಾಡಿರಲಿಲ್ಲ.

ಮೂರನೆಯದು ಐದನೆ ದಿನ ಗೂಡಿನಾಚೆ ಬಿದ್ದಿತ್ತು.
ಎತ್ತಿಟ್ಟೆ. ಮತ್ತೆ ಬಿದ್ದಿತ್ತು.
ಮತ್ತೆ ಇಟ್ಟೆ.
ದಾಸವಾಳದ ಕುಂಡದಲ್ಲಿ
ಬೆರಳಿನಿಂದ ತೋಡಿದ ಗುಳಿ ಸಾಕಾಯಿತು.

ಎರಡು ತಿಂಗಳಿಗೆ, ಉಳಿದೆರಡರಲ್ಲಿ ಒಂದಕ್ಕೆ
ಕೆನ್ನೆಯಲ್ಲಿ ಕಿತ್ತಳೆ, ಎದೆಯಲ್ಲಿ ಕರಿಪಟ್ಟೆ.
ಅಪ್ಪನದೇ ಅಚ್ಚು.
ಗಂಟಲುಬ್ಬಿಸಿ ಹಾಡಲು ಹೊರಟಿತು.
ಎದುರು ಪಂಜರದ ಅಪ್ಪ ದಿನವಿಡೀ ಊದುವ
ಪ್ಲಾಸ್ಟಿಕ್ ತುತ್ತೂರಿಯ ಪೇಂಪೇಂ ಅಲ್ಲ,
ಬೆಂಗಾಲೀಸಿನದು:
ಕಾವೇರಿ ನೀರು ಬರುವ ಮುಂಚೆ
ನಲ್ಲಿಯೊಳಗೆ ಏಳುವ ಗೊರಗೊರ.
ಅಪ್ಪ ತಲೆ ಓರೆ ಮಾಡಿ ಕೇಳಿತು.
ಏನು ತಿಳಿಯಿತೋ, ನವಣೆಗೆ ಮರಳಿತು.

ಮನೆಯಲ್ಲಿ ತೆಲುಗು ನಮ್ಮದು. ಬೀದಿಗೆ, ಜಗಳಕ್ಕೆ,
ವನಜಾಕ್ಷಿಯನ್ನು ಒಪ್ಪಿಸಿದ್ದಕ್ಕೆ ಕನ್ನಡ.
ಅಮ್ಮ ಆಸ್ಪತ್ರೆಯ ಆಯಾ, ರಾತ್ರಿ ಪಾಳಿ.
ಶ್ರೀರಾಂಪುರದ ವಠಾರದಲ್ಲಿ ಪಕ್ಕದ ಮನೆಯ ಅಂಜಲೈ
ತನ್ನ ನಾಲ್ವರ ಸಾಲಿನಲ್ಲಿ ನನ್ನನ್ನೂ ಕೂರಿಸಿ
ಎಣಿಸೆಣಿಸಿ ತುತ್ತು ಹಾಕುತ್ತಿದ್ದಳು.
ನನ್ನ ಸರದಿಗೆ
ಲೆಕ್ಕ ತಪ್ಪುತ್ತಿದ್ದಳು.

ಈ ಬೆಳಗ್ಗೆ ಬೆಂಗಾಲೀಸಿನ ಗಡಿಗೆಯಲ್ಲಿ ಹೊಸ ಮೊಟ್ಟೆ.
ಕನ್ನಡಕ ಹಣೆಗೇರಿಸಿ ಬಗ್ಗಿದೆ:
ಒನ್ನು, ರೆಂಡು, ಮೂಣು...
ಹಿಂದೆ ನಿಂತು ನಕ್ಕಳು ವನಜಾಕ್ಷಿ,
"ಅಂಗಡೀಲಿ ಗಾಜು ಎಣಿಸೋದೂ ಹೀಗೇನಾ?"

ಹೌದು. ಗಾಜು, ಚಿಲ್ಲರೆ, ಬಸ್ ಸ್ಟಾಪು,
ಮಗಳಿಗೆ ಜ್ವರ ಬಂದ ರಾತ್ರಿ ಅವಳ ಉಸಿರು.

ನಾಲ್ಕನೆಯದು ನಾರಿನಡಿ ಇತ್ತೋ ಏನೋ.
ಕೈ ಹಾಕುವಷ್ಟರಲ್ಲಿ ಹಕ್ಕಿ ಬಂದು
ಕೂತುಬಿಟ್ಟಿತು.