ನಲವತ್ತೊಂದನೆಯ ಸೀಸೆ

ಹಾಸನದ ಡಿಸೆಂಬರು. ಏಳಾದರೂ ಮಬ್ಬು.
ಪಶುವೈದ್ಯ ಕಾಲೇಜಿನ ಹಿಂಬದಿಯ ಈ ಕೋಣೆಯಲ್ಲಿ
ಒಂದು ಪೆಟ್ಟಿಗೆ ಮಾತ್ರ ಮೂವತ್ತೇಳು ಡಿಗ್ರಿ,
ಕಾವಿಗೆ ಕೂತ ಹೇಂಟೆಯ ಹೊಟ್ಟೆಯಡಿಯಂತೆ.

ಬಾಗಿಲು ತೆಗೆಯುವಾಗ ಉಸಿರು ಹಿಡಿಯುತ್ತೇನೆ.
ಹನ್ನೊಂದು ವರ್ಷದ ಅಭ್ಯಾಸ.
ಸೀಸೆಯ ಮೈಮೇಲೆ ನನ್ನದೇ ಅಕ್ಷರ:
ದುದ್ದ, ಮೂರನೇ ಕೋಳಿ, ಪ್ಯಾಸೇಜ್ ನಲವತ್ತೊಂದು.

ದುದ್ದದ ಗೌರಾಜಮ್ಮನ ಹಿತ್ತಿಲಲ್ಲಿ
ಹೋದ ವರ್ಷ ಹದಿನೇಳು ಇದ್ದವು.
ಕೊಕ್ಕರೆ ರೋಗ.
ಬೆಳಗಿಗೆ ಹದಿನಾಲ್ಕು ಕತ್ತು ತಿರುಚಿ ಬಿದ್ದಿದ್ದವು,
ಉಳಿದ ಮೂರು ಸಂಜೆಯ ತನಕ ಇದ್ದವು, ಅಷ್ಟೆ.
ಒಂದನ್ನು ಎರಡು ಕವರಿನಲ್ಲಿ ಕಟ್ಟಿ
ಮೊಮ್ಮಗನ ಕೈಲಿ ಬಸ್ಸಿಗೆ ಹತ್ತಿಸಿದ್ದಳು,
ಕ್ಯಾಲೆಂಡರಿನ ಚೂರಿನಲ್ಲಿ ಫೋನ್ ನಂಬರು ಬರೆದು.

ಅದರ ಮಿದುಳು ಅರೆದು, ಸೋಸಿ, ಮೊಟ್ಟೆಗೆ ಚುಚ್ಚಿ,
ಅಲ್ಲಿಂದ ಕೋಶಗಳ ಹಾಸಿನ ಮೇಲೆ ಬಿಟ್ಟೆವು.
ಈ ಕೋಶಗಳೂ ಕೋಳಿಯವೇ,
ಯಾವ ಕಾಲದ್ದೋ ಒಂದು ಮೊಟ್ಟೆಯಿಂದ ಹೊರಟವು,
ಗರಿಯಿಲ್ಲ, ಕೂಗಿಲ್ಲ, ಮುಪ್ಪೂ ಇಲ್ಲ,
ಗಾಜಿಗಂಟಿ ಒಂದಕ್ಕೊಂದು ತಾಗಿ ಮಲಗುವವು.

ಎರಡೇ ದಿನ. ಹಾಸು ಹರಿಯಿತು.
ಒಂದಕ್ಕೊಂದು ಕರಗಿ ಮುದ್ದೆಯಾಗಿ
ಕಿತ್ತು ತೇಲಿದವು ಗಂಜಿಯ ಮೇಲಿನ ಕೆನೆಯಂತೆ.
"ಚೆಲ್ಲಿ ಅದನ್ನ" ಅಂದರು ಜಲಜಾಕ್ಷಿ ಮೇಡಂ.
ಅವತ್ತು ಆಟೋಕ್ಲೇವ್ ಕೆಟ್ಟಿತ್ತು,
ರಿಪೇರಿಯವನು ಅರಸೀಕೆರೆಯಿಂದ ಬರಬೇಕು.
ಚೆಲ್ಲಲಾಗಲಿಲ್ಲ.
ಒಂಬತ್ತನೇ ದಿನ ಬಗ್ಗಿ ನೋಡಿದರೆ
ಮೂಲೆಯಲ್ಲೊಂದು ಸಣ್ಣ ತೇಪೆ.
ಬದುಕಿದವು.

ಊಟ ಹಾಕಿದೆ. ತುಂಬಿಕೊಂಡವು.
ಸೂಕ್ಷ್ಮದರ್ಶಕದಡಿ ಏನೂ ಆಗದವರಂತೆ,
ಹೊಳೆವ ಅಂಚು, ದುಂಡು ನಡು.
ಸಂಶಯ ಬಂದು ಕೋಳಿಯ ರಕ್ತಕಣ ಹೊಯ್ದು
ತಣ್ಣಗೆ ಇಪ್ಪತ್ತು ನಿಮಿಷ ಇಟ್ಟು ತೊಳೆದೆ.
ಒಂದು ತೊಳೆತ, ಎರಡು, ಮೂರು.
ಹೋಗಲಿಲ್ಲ.
ಆ ನಿರೋಗಿ ಮೈಗಳ ಸುತ್ತ ಕೆಂಪು ಸಾಸಿವೆ
ಒತ್ತೊತ್ತಾಗಿ ಕಚ್ಚಿಕೊಂಡಿತ್ತು.
ಒಳಗಿದ್ದಾನೆ. ಮನೆ ಬಿಟ್ಟಿಲ್ಲ,
ಮನೆ ಮುರಿದೂ ಇಲ್ಲ.

ಹೊಸ ವೈರಸ್ಸು ತಂದು ಸುರಿದರೂ ಸಾಯಲಿಲ್ಲ.
ಒಳಗಿರುವವನು ಹೊರಗಿನವನಿಗೆ ಅಗುಳಿ ತೆಗೆಯ.
ನಲವತ್ತು ಸೀಸೆ ದಾಟುವಷ್ಟರಲ್ಲಿ ಅವನೂ ಬದಲಾದ:
ಮೊಟ್ಟೆಯ ಮರಿ ಕೊಲ್ಲಲು ಮೊದಲು ಎರಡು ದಿನ ಸಾಕಿತ್ತು,
ಈಗ ಐದು ಬೇಕು. ಕೆಲವನ್ನು ಬಿಟ್ಟೂಬಿಡುತ್ತಾನೆ.
ಯಾರು ಯಾರನ್ನು ಪಳಗಿಸಿದರು
ಎಂಬ ಕಾಲಂ ನನ್ನ ನೋಟ್‌ಬುಕ್ಕಿನಲ್ಲಿಲ್ಲ.

ನಿನ್ನೆ ಗೌರಾಜಮ್ಮನೇ ಬಂದಿದ್ದಳು,
ದೊಡ್ಡಾಸ್ಪತ್ರೆಯಲ್ಲಿ ಕಣ್ಣು ತೋರಿಸಿಕೊಂಡು, ಹಾಗೇ ಈ ಕಡೆ.
ಒಳಗೆ ಬಿಡುವಂತಿಲ್ಲ. ಹೊರಕೋಣೆಯ ಪರದೆಯಲ್ಲಿ ತೋರಿಸಿದೆ.
ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡಿದಳು.
"ನನ್ನ ಕೋಳಿ ಕೊಂದದ್ದು ಇದ್ರೊಳಗೈತಾ?"
ಹ್ಞೂಂ ಅಂದೆ.
"ಏನ್ ಹಾಕ್ತೀಯವ್ವ ಇದಕ್ಕೆ ತಿನ್ನಾಕೆ?"
ಸಕ್ಕರೆ, ಉಪ್ಪು, ಕರುವಿನ ರಕ್ತದ ತಿಳಿ,
ವಾರಕ್ಕೆರಡು ಸಲ. ಚಳಿಯಾಗದ ಹಾಗೆ ನೋಡ್ಕೋಬೇಕು.
"ಓ," ಅಂದಳು, "ಸಾಕಿದೀಯ ಅನ್ನು."

ಬೈಗುಳವೋ ಅಲ್ಲವೋ ತಿಳಿಯಲಿಲ್ಲ.
ಮಾರ್ಚಿಗೆ ಆರು ಮರಿ ತರುತ್ತಾಳಂತೆ,
ಏಳನೇ ದಿನ ಕಣ್ಣಿಗೊಂದು ಹನಿ ಲಸಿಕೆ ಬಿಡಿಸು ಅಂದೆ.
ತಲೆಯಾಡಿಸಿ, ಸೆರಗಿನ ತುದಿಯಿಂದ
ಪರದೆಯ ಮೇಲಿನ ಧೂಳು ಒರೆಸಿ ಹೋದಳು.

ಇವತ್ತು ಶುಕ್ರವಾರ. ಹಳದಿಗೆ ತಿರುಗಿದ ನೀರು ಬಸಿದು
ಗುಲಾಬಿ ನೀರು ಹೊಯ್ಯುತ್ತೇನೆ.
ಹೊಸ ಸೀಸೆ. ನಲವತ್ತೆರಡು ಎಂದು ಬರೆಯಬೇಕು.
ಬರೆದೆ. ದುದ್ದ ಎಂಬಲ್ಲಿ ಯಾಕೋ
ಶಾಯಿ ತೆಳುವಾಗಿದೆ ಅನ್ನಿಸಿ
ಇನ್ನೊಮ್ಮೆ ತಿದ್ದಿದೆ.